63–0: ಅವರು ಹೊಡೆದ ಅರವತ್ತಮೂರಕ್ಕಲ್ಲ, ನಮ್ಮ ಸೊನ್ನೆಗೆ ಕಾವಲು ಹಾಕಿದ್ದಕ್ಕೆ ಬೇಸರ

ಟ್ರಂಪೆಟ್_ಅಪ್ಪ · ಶನಿವಾರ ಬೆಳಿಗ್ಗೆ 7:10

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ಡಲ್ಲಾಸ್‌ನ ಉತ್ತರಕ್ಕೆ. ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸುತ್ತಾಳೆ. ಮೊದಲ ವರ್ಷ ಅವಳನ್ನು ಬಿಟ್ಟು ಬರೋಕೆ ಅಂತ ಶಾಲೆಯ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಸ್ಟೇಡಿಯಂಗೆ ಹೋಗಿದ್ದೆ. ಈಗ ನಾಲ್ಕನೇ ವರ್ಷ. ಒಂದು ಶುಕ್ರವಾರವೂ ತಪ್ಪಿಸಿಲ್ಲ. ನಮ್ಮ ಹುಡುಗರ ಜರ್ಸಿ ನಂಬರ್ ನನಗೆ ಬಾಯಿಪಾಠ. ಯಾರ ಮೊಣಕಾಲಿಗೆ ಏಟಾಗಿದೆ, ಯಾರ ತಮ್ಮ ಜೆವಿಯಲ್ಲಿ (ಶಾಲೆಯ ಕಿರಿಯರ ತಂಡ) ಆಡುತ್ತಾನೆ, ಅದೂ ಗೊತ್ತು.

ನಿನ್ನೆ ನಮ್ಮ ಹುಡುಗರು 63–0 ಸೋತರು.

ಆಟ ಇದ್ದದ್ದು ಅವರ ಊರಲ್ಲಿ, ಅದೂ ಅವರ ಹೋಮ್‌ಕಮಿಂಗ್ ದಿನ. ಇಲ್ಲಿನವರಿಗೆ ಇದರ ಅರ್ಥ ಗೊತ್ತಿದೆ. ಹಳೆಯ ವಿದ್ಯಾರ್ಥಿಗಳೆಲ್ಲ ಬರುವ ಹಬ್ಬ ಅದು. ಹುಡುಗಿಯರು ಎದೆ ತುಂಬ ಮಮ್ ಕಟ್ಟಿಕೊಂಡು ಬರುತ್ತಾರೆ. ಮಮ್ ಅಂದರೆ ನಮ್ಮ ಸೇವಂತಿಗೆಯೇ. ಈಗ ರೇಷ್ಮೆ ಹೂವು, ನೆಲ ಮುಟ್ಟುವ ರಿಬ್ಬನ್, ಗಂಟೆ, ಲೈಟು ಎಲ್ಲ ಸೇರಿಕೊಂಡಿದೆ. ಅಂಥ ದಿನ ಸೋಲೋದು ಯಾರಿಗೂ ಬೇಡ. ಅದಕ್ಕೆ ಶಾಲೆಗಳು ತಮ್ಮ ಮನೆಯಂಗಳದ ಆಟಗಳಲ್ಲಿ ಸುಲಭದ್ದನ್ನು ನೋಡಿ ಹೋಮ್‌ಕಮಿಂಗ್ ಇಟ್ಟುಕೊಳ್ಳುತ್ತವೆ. ಈ ವರ್ಷ ಆ ಸುಲಭದ ತಂಡ ನಾವು. ಬಸ್ಸಿಂದ ಇಳಿದಾಗಲೇ ನಮ್ಮ ಹುಡುಗರಿಗೆ ಅದು ಗೊತ್ತಿತ್ತು.

ಮೊದಲ ಕ್ವಾರ್ಟರ್ 28–0. ಹಾಫ್‌ಟೈಮ್‌ಗೆ 49–0. ಮೂರನೇ ಕ್ವಾರ್ಟರ್‌ನಲ್ಲಿ ಅವರು ತಮ್ಮ ಮುಖ್ಯ ಆಟಗಾರರನ್ನು ಕೂರಿಸಿದರು. ಸರಿಯಾಗೇ ಮಾಡಿದರು. ಆಮೇಲೂ ಎರಡು ಟಚ್‌ಡೌನ್ ಬಂತು. ಅದಕ್ಕೂ ನನ್ನ ತಕರಾರಿಲ್ಲ. ಬದಲಿಗೆ ಬಂದ ಮೂರನೇ ಸಾಲಿನ ಹುಡುಗ ಚೆಂಡು ಹಿಡಿದು ಓಡುವಾಗ ಅವನಿಗೆ ನಿಲ್ಲು ಅಂತ ಹೇಳೋಕೆ ಆಗುತ್ತಾ?

ನನಗೆ ನಿದ್ದೆ ಕೆಡಿಸಿದ್ದು ಕೊನೆಯ ಏಳು ನಿಮಿಷ. 63–0 ಇರುವಾಗ ಚೆಂಡು ನಮ್ಮ 25 ಯಾರ್ಡ್ ಗೆರೆಯ ಮೇಲೆ ನಮಗೆ ಸಿಕ್ಕಿತು. ಅಲ್ಲಿಂದ ನಮ್ಮ ಹುಡುಗರು ಹೊರಟರು. ಮೂರು ಯಾರ್ಡ್, ಐದು ಯಾರ್ಡ್, ಒಂದು ಸಣ್ಣ ಪಾಸ್, ಮತ್ತೆ ನಾಲ್ಕು ಯಾರ್ಡ್. ಇಡೀ ಸಂಜೆ ಸಿಗದಿದ್ದ ಫರ್ಸ್ಟ್ ಡೌನ್‌ಗಳು ಒಂದಾದ ಮೇಲೊಂದು ಬಂದವು. ನಮ್ಮ ಕಡೆ ಉಳಿದಿದ್ದು ಬ್ಯಾಂಡ್ ಮತ್ತು ಒಂದು ಅರವತ್ತು ಎಪ್ಪತ್ತು ಜನ. ಎಲ್ಲರೂ ಎದ್ದು ನಿಂತೆವು. ಚೆಂಡು ಅವರ 9 ಯಾರ್ಡ್ ಗೆರೆಗೆ ಬಂತು. ಆಟ ಮುಗಿಯೋಕೆ ಮೂರು ನಿಮಿಷ ಇತ್ತೇನೋ.

ಆಗ ಅವರ ಕೋಚ್ ಟೈಮ್‌ಔಟ್ ತೆಗೆದುಕೊಂಡರು. ಒಂದು ಗಂಟೆಯಿಂದ ಬೆಂಚಿನ ಮೇಲೆ ನೀರು ಕುಡಿಯುತ್ತ ಕೂತಿದ್ದ ಮೊದಲ ಸಾಲಿನ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಮುಖ್ಯ ಆಟಗಾರರು) ಹೆಲ್ಮೆಟ್ ಹಾಕಿಕೊಂಡು ವಾಪಸ್ ಬಂತು. ಹನ್ನೊಂದು ಜನವೂ.

ನಾಲ್ಕು ಆಟ. ಎರಡು ಯಾರ್ಡ್ ಮುಂದೆ. ಒಂದು ಪಾಸ್ ನೆಲಕ್ಕೆ. ಆಮೇಲೆ ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಆರು ಯಾರ್ಡ್ ಹಿಂದೆ ಕೆಡವಿದರು. ನಾಲ್ಕನೆಯದು ಎಂಡ್ ಝೋನ್‌ನಲ್ಲಿ ನಮ್ಮ ಹುಡುಗನ ಕೈಗೆ ತಾಗಿ ಬಿತ್ತು. ಅವರ ಸೈಡ್‌ಲೈನ್ ಕುಣಿದಾಡಿತು.

ಇದು ತಪ್ಪು ಅಂತ ನನಗನಿಸುತ್ತದೆ. ನಿಮಗೇನನ್ನಿಸುತ್ತೆ ಹೇಳಿ.

---

ಪ್ಲೇನೋ_ಅಕ್ಕ · 7:42

ಓದಿ ಹೊಟ್ಟೆ ಉರಿಯಿತು. ನೀವು ಅವರ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ದೂರು ಕೊಡಿ. ಟೆಕ್ಸಾಸ್‌ನಲ್ಲಿ ಬುಲ್ಲಿಯಿಂಗ್ ದೂರು ಕೊಡೋಕೆ ಆನ್‌ಲೈನ್ ಫಾರ್ಮ್ ಇದೆ. ಹಿಂದೆ ಒಬ್ಬರು ಕೊಟ್ಟಿದ್ದರು ಅಂತ ನೆನಪು. ಮಕ್ಕಳನ್ನು ಹೀಗೆ ಅವಮಾನ ಮಾಡಿದರೆ ಸುಮ್ನೆ ಬಿಡಬಾರದು.

---

ಟ್ರಂಪೆಟ್_ಅಪ್ಪ · 8:05

ಅಕ್ಕ, ಆ ದೂರು ನನಗೆ ಚೆನ್ನಾಗಿ ನೆನಪಿದೆ. 2013ರ ಅಕ್ಟೋಬರ್. ಫೋರ್ಟ್ ವರ್ತ್ ಪಕ್ಕದ ಅಲೀಡೋ ಶಾಲೆ ವೆಸ್ಟರ್ನ್ ಹಿಲ್ಸ್ ಶಾಲೆಯನ್ನು 91–0 ಸೋಲಿಸಿತ್ತು. ಸೋತ ಕಡೆಯ ಪೋಷಕರೊಬ್ಬರು ಅಲೀಡೋ ಕೋಚ್ ಟಿಮ್ ಬ್ಯುಕ್ಯಾನನ್ ಮೇಲೆ ಬುಲ್ಲಿಯಿಂಗ್ ದೂರು ಕೊಟ್ಟರು. ದೇಶವಿಡೀ ಸುದ್ದಿಯಾಯಿತು.

ಆದರೆ ಅಲ್ಲಿ ನಡೆದದ್ದನ್ನು ಪೂರ್ತಿ ನೋಡಿ. ಬ್ಯುಕ್ಯಾನನ್ ತನ್ನ ಮುಖ್ಯ ಆಟಗಾರರನ್ನು ಬೇಗ ಹೊರಗೆ ಕರೆದಿದ್ದರು. ಎರಡನೇ ಅರ್ಧದಲ್ಲಿ ಗಡಿಯಾರ ನಿಲ್ಲದೆ ಓಡಿತು. ಅವರ ತಂಡ ಆ ವರ್ಷ ಎಲ್ಲರ ಮೇಲೂ ಅರವತ್ತು ಎಪ್ಪತ್ತು ಹೊಡೆಯುತ್ತಿತ್ತು, ಕೊನೆಗೆ ರಾಜ್ಯ ಪ್ರಶಸ್ತಿಯನ್ನೂ ಗೆದ್ದಿತು. ಸೋತ ವೆಸ್ಟರ್ನ್ ಹಿಲ್ಸ್ ಕೋಚ್ ಜಾನ್ ನೇಲರ್ ಅವರೇ ಆ ದೂರನ್ನು ಒಪ್ಪಲಿಲ್ಲ. ತನಿಖೆಯಲ್ಲಿ ಬುಲ್ಲಿಯಿಂಗ್ ಏನೂ ಕಾಣಲಿಲ್ಲ ಅಂತ ತೀರ್ಮಾನವಾಯಿತು. ನನಗೂ ಅದು ಸರಿ ಅನಿಸಿತ್ತು.

ನಾನು ದೂರು ಕೊಡೋದಿಲ್ಲ. ಫಾರ್ಮ್ ತುಂಬಿದರೆ ನಾಳೆ ಟಿವಿಯಲ್ಲಿ ನಮ್ಮ ಹುಡುಗರು ಪಾಪದವರು ಅಂತ ಬರುತ್ತದೆ. ಅವರು ಪಾಪದವರಲ್ಲ. 66 ಯಾರ್ಡ್ ಕಷ್ಟಪಟ್ಟು ಸಾಗಿದವರು.

---

ಲೈನ್‌ಮನ್_ಅಮ್ಮ · 8:31

ನಾನು ಬೇರೆ ಊರಿನವಳು, ಹ್ಯೂಸ್ಟನ್ ಕಡೆ. ನನ್ನ ಮಗ ಡಿಫೆನ್ಸ್ ಆಡುತ್ತಾನೆ. ಗೆಲ್ಲುವ ತಂಡದಲ್ಲಿದ್ದಾನೆ. ಹಾಗಾಗಿ ಆ ಕಡೆಯಿಂದಲೂ ಒಂದು ಮಾತು ಹೇಳಬೇಕು, ಬೇಜಾರಾಗಬೇಡಿ.

ಆಫೆನ್ಸ್, ಅಂದರೆ ಚೆಂಡು ಮುಂದೆ ಒಯ್ಯುವ ಕಡೆ, ಆಡುವ ಹುಡುಗನಿಗೆ ಟಚ್‌ಡೌನ್ ಇದೆ, ಯಾರ್ಡ್ ಲೆಕ್ಕ ಇದೆ, ಪೇಪರಲ್ಲಿ ಹೆಸರು ಬರುತ್ತದೆ. ಡಿಫೆನ್ಸ್‌ಗೆ ಏನಿದೆ? ಶಟ್‌ಔಟ್ ಒಂದೇ. ಎದುರಾಳಿಗೆ ಒಂದು ಅಂಕವನ್ನೂ ಕೊಡಲಿಲ್ಲ ಅನ್ನೋದು ಹನ್ನೊಂದು ಹುಡುಗರು ಒಟ್ಟಿಗೆ ಸಂಪಾದಿಸುವ ವಸ್ತು. ನನ್ನ ಮಗನ ತಂಡದಲ್ಲಿ ಶಟ್‌ಔಟ್ ಬಂದರೆ ಇಡೀ ಡಿಫೆನ್ಸ್‌ಗೆ ಹೆಲ್ಮೆಟ್ ಸ್ಟಿಕ್ಕರ್ ಕೊಡುತ್ತಾರೆ. ಕಳೆದ ವರ್ಷದ ಎರಡು ಸ್ಟಿಕ್ಕರ್‌ಗಳ ಬಗ್ಗೆ ಅವನು ಈಗಲೂ ಮಾತಾಡುತ್ತಾನೆ. ಆ ಹುಡುಗರು ಮೂರು ಕ್ವಾರ್ಟರ್ ಕಷ್ಟಪಟ್ಟು ಕಾಪಾಡಿದ್ದನ್ನು ಕೊನೆಗೆ ಉಳಿಸಿಕೊಳ್ಳಬೇಕು ಅಂತ ಕೇಳಿರಬಹುದು. ಕೋಚ್ ಇಲ್ಲ ಅನ್ನಲಾರದೆ ಹೋಗಿರಬಹುದು.

ನಿಮ್ಮ ಹುಡುಗರನ್ನು ಕೀಳಾಗಿ ನೋಡಬೇಕು ಅಂತ ಮಾಡಿರಲಾರರು ಅಂತ ನನಗನಿಸುತ್ತೆ.

---

ಹಾಸನದ_ಪಿಟಿ_ಮೇಷ್ಟ್ರು · 8:50

ನಮಸ್ಕಾರ. ನಾನು ನಿವೃತ್ತ ದೈಹಿಕ ಶಿಕ್ಷಕ. ಮೊಮ್ಮಗ ಅಲ್ಲೇ ಟೆಕ್ಸಾಸ್‌ನಲ್ಲಿ ಏಳನೇ ಕ್ಲಾಸಲ್ಲಿ ಈ ಆಟ ಶುರು ಮಾಡಿದ್ದಾನೆ, ಅದಕ್ಕೆ ಓದುತ್ತಿದ್ದೇನೆ. ಈ "ನಾಲ್ಕು ಆಟ" ಅಂದರೇನು, ಯಾಕೆ ನಾಲ್ಕೇ? ಸ್ವಲ್ಪ ಬಿಡಿಸಿ ಹೇಳಿ.

---

ಟ್ರಂಪೆಟ್_ಅಪ್ಪ · 9:04

ಮೇಷ್ಟ್ರೇ, ಖಂಡಿತ. ಮೈದಾನ ನೂರು ಯಾರ್ಡ್ ಉದ್ದ. ಎರಡು ತುದಿಯಲ್ಲೂ ಹತ್ತತ್ತು ಯಾರ್ಡಿನ ಎಂಡ್ ಝೋನ್. ಚೆಂಡು ನಮ್ಮ ಕೈಯಲ್ಲಿದ್ದಾಗ ನಾಲ್ಕು ಪ್ರಯತ್ನದೊಳಗೆ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಅದೇ ಫರ್ಸ್ಟ್ ಡೌನ್. ಆಗದಿದ್ದರೆ ಚೆಂಡು ಎದುರಾಳಿಗೆ. ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬದ ಮಧ್ಯೆ ಒದ್ದರೆ ಇನ್ನೊಂದು. ಟಚ್‌ಡೌನ್ ಕಷ್ಟ ಅನಿಸಿದರೆ ದೂರದಿಂದಲೇ ಒದ್ದು ಫೀಲ್ಡ್ ಗೋಲ್ ಹೊಡೆಯಬಹುದು, ಅದಕ್ಕೆ 3. ಹನ್ನೆರಡು ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಹೊರಗೆ ಹೋದಾಗ, ಪಾಸ್ ನೆಲಕ್ಕೆ ಬಿದ್ದಾಗ ಗಡಿಯಾರ ನಿಲ್ಲುತ್ತದೆ. ಹಾಗಾಗಿ 48 ನಿಮಿಷದ ಆಟ ಎರಡೂವರೆ ಗಂಟೆ ಎಳೆಯುತ್ತದೆ. ಸೋಲುವವರಿಗೆ ಇನ್ನೂ ಉದ್ದ.

---

ಓಹಾಯೋ_ಕನ್ನಡಿಗ · 9:20

ನಮ್ಮ ಓಹಾಯೋದಲ್ಲಿ ಎರಡನೇ ಅರ್ಧದಲ್ಲಿ ಅಂತರ 30 ಆದ ಕೂಡಲೇ ಗಡಿಯಾರ ನಿಲ್ಲದೆ ಓಡುತ್ತದೆ. ಟೈಮ್‌ಔಟ್, ಗಾಯ, ಇಂಥ ಕೆಲವಕ್ಕೆ ಮಾತ್ರ ನಿಲ್ಲುತ್ತದೆ. ನಿಮ್ಮಲ್ಲಿ ಆ ನಿಯಮ ಇಲ್ವಾ?

ಇಲ್ಲಿ ಇನ್ನೊಂದು ಘಟನೆ ನೆನಪಾಗುತ್ತೆ. 2021ರ ಆಗಸ್ಟ್ 29. ಕ್ಯಾಂಟನ್‌ನಲ್ಲಿ, ಫುಟ್‌ಬಾಲ್ ಹಾಲ್ ಆಫ್ ಫೇಮ್ ಪಕ್ಕದ ಸ್ಟೇಡಿಯಂ. ಫ್ಲೋರಿಡಾದ ಐಎಂಜಿ ಅಕಾಡೆಮಿ ಮತ್ತು ಬಿಷಪ್ ಸಿಕಮೋರ್ ಅನ್ನೋ ತಂಡ. 58–0. ಇಎಸ್‌ಪಿಎನ್‌ನಲ್ಲಿ ನೇರ ಪ್ರಸಾರ. ಆಟ ನಡೆಯುವಾಗಲೇ ಕಾಮೆಂಟರಿಯವರು ಆ ಮಕ್ಕಳ ಸುರಕ್ಷತೆ ಬಗ್ಗೆ ಆತಂಕ ಪಟ್ಟರು. ಅದೇ ತಂಡ ಎರಡೇ ದಿನ ಮುಂಚೆ ಇನ್ನೊಂದು ಆಟ ಆಡಿ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ರಾಜ್ಯದ ಶಿಕ್ಷಣ ಇಲಾಖೆ ತನಿಖೆ ಮಾಡಿ ಅದು ಶಾಲೆಯೇ ಅಲ್ಲ, ಮೋಸ ಅಂತ ವರದಿ ಕೊಟ್ಟಿತು. ಅಲ್ಲಿ ಸ್ಕೋರ್ ನೋಡಿದಾಗಲೇ ಏನೋ ಸರಿಯಿಲ್ಲ ಅಂತ ಗೊತ್ತಾಗಿತ್ತು. ಇಷ್ಟು ದೊಡ್ಡ ಅಂತರ ಬಂದಾಗ ನಾನು ಮೊದಲು ಕೇಳೋದು, ಈ ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಿದ್ದು ಯಾರು ಅಂತ.

---

ಟ್ರಂಪೆಟ್_ಅಪ್ಪ · 9:48

ಟೆಕ್ಸಾಸ್‌ನಲ್ಲಿ ಹನ್ನೊಂದು ಜನರ ಆಟಕ್ಕೆ ಅಂಥ ಕಡ್ಡಾಯ ನಿಯಮ ಇಲ್ಲ. ಇಲ್ಲಿ ಕಾಲೇಜು ಆಟದ ನಿಯಮ ಪುಸ್ತಕವೇ ನಡೆಯುತ್ತದೆ. ಇಬ್ಬರೂ ಕೋಚ್ ಮತ್ತು ರೆಫರಿ ಒಪ್ಪಿದರೆ ಉಳಿದ ಸಮಯ ಕಡಿಮೆ ಮಾಡಬಹುದು. ನಿನ್ನೆ ನಮ್ಮ ಕೋಚ್ ಕೇಳಲಿಲ್ಲ ಅಂತ ಕಾಣುತ್ತೆ. ಕೇಳಿದ್ದರೆ ಆ ಕೊನೆಯ 66 ಯಾರ್ಡ್ ನಮಗೆ ಸಿಗುತ್ತಿರಲಿಲ್ಲ. ಹಾಗಾಗಿ ಕೇಳದಿದ್ದದ್ದೇ ಒಳ್ಳೆಯದಾಯಿತು.

ಎದುರುಬದುರು ನಿಲ್ಲಿಸಿದ್ದು ಯಾರು ಅನ್ನೋದಕ್ಕೆ ಉತ್ತರ ಇದೆ. ಇಲ್ಲಿ ಯುಐಎಲ್ ಅನ್ನೋ ಸಂಸ್ಥೆ ಎರಡು ವರ್ಷಕ್ಕೊಮ್ಮೆ ಶಾಲೆಗಳನ್ನು ಮಕ್ಕಳ ಸಂಖ್ಯೆ ನೋಡಿ 1ಎಯಿಂದ 6ಎವರೆಗೆ ವಿಂಗಡಿಸುತ್ತದೆ. ಸಮ ಸಂಖ್ಯೆಯ ವರ್ಷದ ಫೆಬ್ರವರಿಯಲ್ಲಿ ಪಟ್ಟಿ ಬರುತ್ತದೆ. ಆ ದಿನ ಕೋಚ್‌ಗಳೆಲ್ಲ ಎಸ್ಸೆಸ್ಸೆಲ್ಸಿ ರಿಸಲ್ಟ್ ಕಾದ ಹಾಗೆ ಕಾದಿರುತ್ತಾರೆ. ನಾವೂ ಅವರೂ ಒಂದೇ ವರ್ಗ, 5ಎ.

ಮಕ್ಕಳ ಸಂಖ್ಯೆ ಒಂದೇ ಇದ್ದರೆ ಸಾಕಾ? ನಮ್ಮ ಪಕ್ಕದಲ್ಲೇ ಹೊಸ ಹೈಸ್ಕೂಲ್ ಬಂತು. ಊರು ಬೆಳೆಯುತ್ತಿದೆ, ಬರಲೇಬೇಕಿತ್ತು. ಗಡಿ ಹೊಸದಾಗಿ ಎಳೆದರು. ಒಂದೇ ಬೀದಿಯ ಹುಡುಗರು ಎರಡು ಶಾಲೆಗೆ ಹಂಚಿಹೋದರು. ಆರನೇ ಕ್ಲಾಸಿಂದ ಒಟ್ಟಿಗೆ ಆಡಿದ ಮುಂಚೂಣಿಯ ಲೈನ್ ಒಡೆಯಿತು. ಅವರ ಊರಲ್ಲಿ ಒಂದೇ ಹೈಸ್ಕೂಲ್. ಏಳನೇ ಕ್ಲಾಸಿನ ಹುಡುಗನೂ ವಾರ್ಸಿಟಿ (ಶಾಲೆಯ ಮುಖ್ಯ ತಂಡ) ಆಡುವ ಪಟ್ಟುಗಳನ್ನೇ ಕಲಿಯುತ್ತಾನೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಎರಡು ವರ್ಷದ ಅಭ್ಯಾಸ ಆಗಿರುತ್ತದೆ. ಬೇಸಿಗೆಯಲ್ಲಿ ಸ್ವಂತ ಖರ್ಚಲ್ಲಿ ಟ್ರೇನರ್ ಹತ್ತಿರ ಹೋಗುತ್ತಾರೆ. ನಮ್ಮ ಹುಡುಗರಲ್ಲಿ ಅರ್ಧ ಜನ ಬೇಸಿಗೆಯಲ್ಲಿ ಅಂಗಡಿ, ಹೋಟೆಲ್ ಅಂತ ಕೆಲಸಕ್ಕೆ ಹೋಗುತ್ತಾರೆ.

ನಿನ್ನೆ ನಮ್ಮ ಕಡೆ ಸಮವಸ್ತ್ರ ಹಾಕಿ ನಿಂತವರು 38 ಜನ. ಆ ಕಡೆ ಎಣಿಸೋಕೆ ಆಗಲಿಲ್ಲ, ಎಂಬತ್ತಕ್ಕಿಂತ ಜಾಸ್ತಿ. ನಮ್ಮಲ್ಲಿ ಏಳು ಹುಡುಗರು ಆಫೆನ್ಸ್, ಡಿಫೆನ್ಸ್ ಎರಡೂ ಆಡಿದರು. ಅಂದರೆ ಅವರು ಕೂರಲೇ ಇಲ್ಲ. ಮೊದಲ ಕ್ವಾರ್ಟರ್‌ನಲ್ಲಿ ಸಮ ಇದ್ದರೂ ಮೂರನೆಯದರಲ್ಲಿ ಕಾಲು ಎತ್ತೋಕೆ ಆಗಲ್ಲ. 63–0 ಹೀಗೇ ಆಗೋದು.

---

ಲಬ್ಬಕ್_ವಿದ್ಯಾರ್ಥಿ · 10:15

ಅಣ್ಣ, ಒಂದು ವಿಷಯ ಸೇರಿಸ್ತೀನಿ. ನಮ್ಮ ಪಶ್ಚಿಮ ಟೆಕ್ಸಾಸ್ ಕಡೆ ಸಣ್ಣ ಊರುಗಳಲ್ಲಿ ಆರು ಜನರ ಫುಟ್‌ಬಾಲ್ ಇದೆ. ಇಡೀ ಹೈಸ್ಕೂಲ್‌ನಲ್ಲಿ ನೂರು ಮಕ್ಕಳೂ ಇರಲ್ಲ. 1934ರಲ್ಲಿ ನೆಬ್ರಾಸ್ಕಾದಲ್ಲಿ ಸ್ಟೀಫನ್ ಎಪ್ಲರ್ ಅನ್ನೋ ಶಿಕ್ಷಕರು ಇಂಥ ಸಣ್ಣ ಶಾಲೆಗಳಿಗೇ ಅಂತ ಈ ಆಟ ರೂಪಿಸಿದ್ದು. ಮೈದಾನ 80 ಯಾರ್ಡ್, ಫರ್ಸ್ಟ್ ಡೌನ್‌ಗೆ 15 ಯಾರ್ಡ್.

ಅದರಲ್ಲಿ 45 ಅಂಕದ ನಿಯಮ ಇದೆ. ಹಾಫ್‌ಟೈಮ್ ಅಥವಾ ಆಮೇಲೆ ಯಾವಾಗ ಅಂತರ 45 ಮುಟ್ಟಿದರೂ ಅಲ್ಲಿಗೇ ಆಟ ಮುಗಿಯುತ್ತದೆ. ನಾನು ನೋಡಿದ ಮೊದಲ ಆಟ ಹಾಫ್‌ಟೈಮ್‌ಗೇ ಮುಗಿದುಹೋಯಿತು. ಎರಡು ಗಂಟೆ ಬಸ್ಸಲ್ಲಿ ಬಂದ ಹುಡುಗರು ಒಂದು ಗಂಟೆ ಆಡಿ ವಾಪಸ್ ಬಸ್ ಹತ್ತಿದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ ಜರ್ಸಿಗೆ ಒಂದು ಚೂರೂ ಮಣ್ಣಾಗಿರಲಿಲ್ಲ. ಅವನು ಬಂದಿದ್ದೇ ಎರಡನೇ ಅರ್ಧದಲ್ಲಿ ಆಡೋಕೆ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

---

ಫಿಸಿಯೋ_ಡೆಂಟನ್ · 11:02

ನಾನು ಫಿಸಿಯೋಥೆರಪಿಸ್ಟ್. ಒಂದೇ ಮಾತು. ಒಂದು ಗಂಟೆ ಬೆಂಚಲ್ಲಿ ಕೂತ ಹುಡುಗನ ಸ್ನಾಯು ತಣ್ಣಗಾಗಿರುತ್ತದೆ. ಅವನನ್ನು ಒಮ್ಮೆಲೇ ಎಬ್ಬಿಸಿ ಗೋಲ್ ಗೆರೆ ಮೇಲೆ ಪೂರ್ತಿ ಬಲ ಹಾಕಿಸಿದರೆ ತೊಡೆ ಹಿಂಭಾಗದ ಸ್ನಾಯು ಹರಿಯೋದು ಇಂಥ ಹೊತ್ತಲ್ಲೇ. ಎದುರಲ್ಲಿರೋದು 45 ನಿಮಿಷ ಆಡಿ ಸುಸ್ತಾದ, ಎರಡೂ ಕಡೆ ಆಡಿದ ಹುಡುಗ. ಅವನು ಸುಸ್ತಲ್ಲಿ ತಲೆ ತಗ್ಗಿಸಿ ಹೊಡೆಯುತ್ತಾನೆ. ಕುತ್ತಿಗೆಗೆ ಅಪಾಯ. ಎರಡೂ ಕಡೆಯ ಮಕ್ಕಳಿಗೆ ಅಪಾಯ. ಒಂದು ಸೊನ್ನೆ ಉಳಿಸೋಕೆ ಇದು ತೀರಾ ಜಾಸ್ತಿ ಬೆಲೆ.

---

ನಂಬರ್_64 · ಮಧ್ಯಾಹ್ನ 12:30

ಕನ್ನಡದಲ್ಲಿ ಟೈಪ್ ಮಾಡೋದು ನನಗೆ ನಿಧಾನ, ತಪ್ಪಿದ್ದರೆ ಕ್ಷಮಿಸಿ. ನಾನು ಹುಟ್ಟಿ ಬೆಳೆದಿದ್ದು ಇಲ್ಲೇ. ಹೈಸ್ಕೂಲ್‌ನಲ್ಲಿ ನಾಲ್ಕು ವರ್ಷ ಆಡಿದೆ. ಡಿಫೆನ್ಸಿವ್ ಎಂಡ್, ಮೂರನೇ ಸಾಲು. ಗೆಲ್ಲುವ ತಂಡ. ಅಂದರೆ ನೀವು ಹೇಳುವ ಕಥೆಯಲ್ಲಿ ಹೊರಗೆ ಕರೆಸಿಕೊಂಡ ಹನ್ನೊಂದು ಜನರಲ್ಲಿ ನಾನೊಬ್ಬ.

ಅಂಕಲ್, ನೀವು ನಿಮ್ಮ ಹುಡುಗರ ಬಗ್ಗೆ ಬರೆದಿರಿ. ನಾನು ಆ ಹುಡುಗರ ಬಗ್ಗೆ ಹೇಳುತ್ತೇನೆ.

ಆಗಸ್ಟ್‌ನಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್. ಮೊದಲ ಸಾಲಿನವನು ಓಡಿದಷ್ಟೇ ನಾನೂ ಓಡುತ್ತಿದ್ದೆ. ಇಡೀ ವಾರ ಎದುರಾಳಿ ತಂಡದ ಥರ ನಟಿಸಿ ನಮ್ಮ ಮುಖ್ಯ ಆಟಗಾರರ ಕೈಲಿ ಹೊಡೆಸಿಕೊಳ್ಳುತ್ತಿದ್ದೆ. ಅದಕ್ಕೆ ಸಿಗುವ ಪ್ರತಿಫಲ ನಾಲ್ಕನೇ ಕ್ವಾರ್ಟರ್. ಆಗ ಮಾತ್ರ ಸ್ಪೀಕರ್‌ನಲ್ಲಿ ನನ್ನ ಹೆಸರು. ಅಮ್ಮ ಸೀಟಿಂದ ಎದ್ದು ನಿಲ್ಲುತ್ತಿದ್ದರು.

ಸೀನಿಯರ್ ವರ್ಷ ಒಂದು ಆಟ, 48–0 ಮುಂದಿದ್ದೆವು. ಎದುರಾಳಿ ನಮ್ಮ 5 ಯಾರ್ಡ್ ಗೆರೆಗೆ ಬಂದರು. ಮೊದಲ ಸಾಲಿನವರು ಸೈಡ್‌ಲೈನಲ್ಲಿ ಹೆಲ್ಮೆಟ್ ಹಿಡಿದು ಕೋಚ್ ಪಕ್ಕ ನಿಂತಿದ್ದರು. ಕೋಚ್ ಅವರ ಕಡೆ ತಿರುಗಲೇ ಇಲ್ಲ. ನಮ್ಮನ್ನೇ ಬಿಟ್ಟರು. ಮುಂದಿನ ಪ್ರಯತ್ನದಲ್ಲೇ ಅವರ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ನನ್ನ ಕಡೆಯಿಂದಲೇ ನುಗ್ಗಿ ಟಚ್‌ಡೌನ್ ಹೊಡೆದ. 48–7. ನನ್ನಿಂದ ಶಟ್‌ಔಟ್ ಹೋಯಿತು.

ಮಾರನೇ ದಿನ ಎಲ್ಲರೂ ಕೂತು ವೀಡಿಯೋ ನೋಡುತ್ತೇವಲ್ಲ, ಅಲ್ಲಿ ಕೋಚ್ ಆ ಟಚ್‌ಡೌನ್ ಅನ್ನು ಮೂರು ಸಲ ಹಾಕಿದರು. ನನ್ನ ಒಳಗಿನ ಕಾಲು ಎಲ್ಲಿ ತಪ್ಪಿತು ಅಂತ ತೋರಿಸಿದರು. ಮೊದಲ ಸಾಲಿನವನಿಗೆ ಹೇಗೆ ತಿದ್ದುತ್ತಾರೋ ಹಾಗೆಯೇ. ನಾಲ್ಕು ವರ್ಷದಲ್ಲಿ ನಾನೂ ಈ ತಂಡದವನು ಅಂತ ನನಗೆ ಪೂರ್ತಿ ಅನಿಸಿದ್ದು ಆ ಬೆಳಿಗ್ಗೆ.

ನಿನ್ನೆ ಆ ಹನ್ನೊಂದು ಹುಡುಗರಿಗೆ ಅದು ಸಿಗಲಿಲ್ಲ. ಆಟ ನಿಜವಾಗಿ ಆಟ ಆದ ಕ್ಷಣಕ್ಕೆ ಅವರನ್ನು ಹೊರಗೆ ಕರೆದರು. ನಿಮ್ಮನ್ನು ನಂಬೋಕಾಗಲ್ಲ ಅಂತ ಅವರ ಅಪ್ಪ ಅಮ್ಮನ ಎದುರೇ ಹೇಳಿದ ಹಾಗಾಯಿತು.

---

ಲೈನ್‌ಮನ್_ಅಮ್ಮ · 12:58

ನಂಬರ್ 64, ಇದನ್ನು ನಾನು ಯೋಚಿಸಿರಲಿಲ್ಲ. ನನ್ನ ಮಗ ಒಂಬತ್ತನೇ ಕ್ಲಾಸಲ್ಲಿ ಬೆಂಚಲ್ಲೇ ಇದ್ದ. ಆ ವರ್ಷ ನಾನೂ ನಾಲ್ಕನೇ ಕ್ವಾರ್ಟರ್‌ಗೇ ಕಾಯುತ್ತಿದ್ದೆ. ಎರಡು ವರ್ಷದಲ್ಲಿ ಮರೆತೇಬಿಟ್ಟಿದ್ದೆ. ಮೇಲೆ ಬರೆದ ನನ್ನ ಮಾತನ್ನು ಅಳಿಸುವುದಿಲ್ಲ, ಶಟ್‌ಔಟ್‌ಗೆ ಬೆಲೆ ಇದೆ ಅಂತ ಈಗಲೂ ನಂಬುತ್ತೇನೆ. ಆದರೆ ಅದನ್ನು ಕಾಪಾಡುವ ಹಕ್ಕು ಆಗ ಮೈದಾನದಲ್ಲಿದ್ದ ಮಕ್ಕಳದ್ದು.

---

ಪ್ಲೇನೋ_ಅಕ್ಕ · 1:20

ಹಾಗಾದರೆ ಯಾರಿಗೂ ಶಿಕ್ಷೆಯೇ ಬೇಡವಾ? ನ್ಯೂಯಾರ್ಕ್ ಕಡೆ ಹೀಗೆ ಮಾಡಿದರೆ ಕೋಚ್‌ನ ಸಸ್ಪೆಂಡ್ ಮಾಡ್ತಾರಂತಲ್ಲ?

---

ಟ್ರಂಪೆಟ್_ಅಪ್ಪ · 1:55

ಹೌದು ಅಕ್ಕ, ಲಾಂಗ್ ಐಲ್ಯಾಂಡ್‌ನ ನಾಸೋ ಕೌಂಟಿಯಲ್ಲಿ. 42 ಅಂಕಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರೆ ಕೋಚ್ ಒಂದು ಸಮಿತಿಗೆ ಉತ್ತರ ಕೊಡಬೇಕು. 2019ರಲ್ಲಿ ಪ್ಲೇನ್‌ಎಡ್ಜ್ ಶಾಲೆ 61–13 ಗೆದ್ದಾಗ ಅವರ ಕೋಚ್ ರಾಬ್ ಶೇವರ್‌ಗೆ ಒಂದು ಆಟದ ಸಸ್ಪೆನ್ಷನ್ ಆಯಿತು. ಮುಖ್ಯ ಆಟಗಾರರನ್ನು ನಾಲ್ಕನೇ ಕ್ವಾರ್ಟರ್‌ನಲ್ಲೂ ಆಡಿಸಿದ್ದಕ್ಕೆ. ಕನೆಕ್ಟಿಕಟ್‌ನಲ್ಲಿ 2006ರಲ್ಲಿ 50 ಅಂಕದ ನಿಯಮ ತಂದಿದ್ದರು. ಆಗ ಅದಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರೆ ಕೋಚ್ ಮುಂದಿನ ಆಟಕ್ಕೆ ಇರುವಂತಿರಲಿಲ್ಲ.

ಈ ನಿಯಮಗಳೆಲ್ಲ ಸ್ಕೋರ್‌ಬೋರ್ಡ್ ನೋಡುತ್ತವೆ. ನಿನ್ನೆ ಆ ಕೋಚ್ ಮಾಡಿದ್ದರಿಂದ ಸ್ಕೋರ್‌ಬೋರ್ಡ್ ಒಂದು ಅಂಕವೂ ಬದಲಾಗಲಿಲ್ಲ. ಯಾವ ಸಮಿತಿಯ ಕಣ್ಣಿಗೂ ಅದು ಬೀಳಲ್ಲ. 63–0 ಅಂತ ಪೇಪರಲ್ಲಿ ಓದಿದವರಿಗೆ ಒಂಬತ್ತು ಟಚ್‌ಡೌನ್ ಕಾಣುತ್ತದೆ. ಆ ಟೈಮ್‌ಔಟ್ ಕಾಣಲ್ಲ.

ನಿಜಕ್ಕೂ ಸ್ಕೋರ್‌ಬೋರ್ಡ್‌ನಲ್ಲೇ ಕಾಣುವ ಅನ್ಯಾಯವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 2021ರ ಅಕ್ಟೋಬರ್ 29ರಂದು ಇಂಗಲ್‌ವುಡ್ ಶಾಲೆ ಅದೇ ಊರಿನ ಮಾರ್ನಿಂಗ್‌ಸೈಡ್ ಶಾಲೆಯನ್ನು 106–0 ಸೋಲಿಸಿತು. ಮೊದಲ ಕ್ವಾರ್ಟರ್ ಮುಗಿಯುವ ಹೊತ್ತಿಗೇ 59–0. ಒಬ್ಬನೇ ಕ್ವಾರ್ಟರ್‌ಬ್ಯಾಕ್‌ನಿಂದ 13 ಟಚ್‌ಡೌನ್ ಪಾಸ್. 104–0 ಇರುವಾಗ ಒದ್ದು ಒಂದು ಅಂಕ ಪಡೆಯುವ ಬದಲು ಎರಡು ಅಂಕದ ಪ್ರಯತ್ನಕ್ಕೆ ಹೋದರು. ಆಮೇಲೆ ಅವರ ಪ್ರಿನ್ಸಿಪಾಲರೇ ಕ್ಷಮೆ ಕೇಳಿದರು. ಅದನ್ನು ಅಲೀಡೋ ಪಕ್ಕ ಇಟ್ಟು ನೋಡಿ. 91ಕ್ಕೂ 106ಕ್ಕೂ ಅಂಕದಲ್ಲಿ ಅಷ್ಟೇನೂ ದೂರವಿಲ್ಲ. ಒಂದು ಕಡೆ ಕೋಚ್ ಕಡಿಮೆ ಮಾಡೋಕೆ ಒದ್ದಾಡಿದರು, ಇನ್ನೊಂದು ಕಡೆ ಜಾಸ್ತಿ ಮಾಡೋಕೆ ಒದ್ದಾಡಿದರು.

---

ಹಾಸನದ_ಪಿಟಿ_ಮೇಷ್ಟ್ರು · 2:40

ಈಗ ಅರ್ಥವಾಯಿತು, ವಂದನೆ. ನನ್ನ ಅನುಭವ ಹೇಳುತ್ತೇನೆ.

ಇಪ್ಪತ್ತೆಂಟು ವರ್ಷ ಹಳ್ಳಿ ಶಾಲೆಯ ಮಕ್ಕಳನ್ನು ಹೋಬಳಿ, ತಾಲ್ಲೂಕು ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಿದ್ದೇನೆ. ಕಬಡ್ಡಿಯಲ್ಲಿ ಎಷ್ಟೋ ಸಲ ಲೋನಾ ಮೇಲೆ ಲೋನಾ ತಿಂದು ಬಂದಿದ್ದೇವೆ. ಅಷ್ಟಕ್ಕೆ ನನ್ನ ಮಕ್ಕಳು ಅತ್ತಿದ್ದು ನಾನು ಕಂಡಿಲ್ಲ. ಬಸ್ಸಲ್ಲಿ ಹಾಡು ಹೇಳಿಕೊಂಡೇ ವಾಪಸ್ ಬರುತ್ತಿದ್ದರು. ಒಂದೇ ಒಂದು ಸಲ ಅತ್ತರು. ಎದುರಾಳಿ ಹುಡುಗರು ಬೇಕೆಂದೇ ಸಡಿಲ ಬಿಟ್ಟರು. ನಮ್ಮ ರೈಡರ್ ಬಂದಾಗ ಹಿಡಿಯದೆ ನಕ್ಕರು. ಅವನು ಮುಟ್ಟಿ ವಾಪಸ್ ಬಂದ, ನಾಲ್ಕು ಅಂಕ ಸಿಕ್ಕಿತು. ಆ ಅಂಕ ಅವನಿಗೆ ಬೇಡವಾಗಿತ್ತು. ಹಾಗಾಗಿ ಕರುಣೆ ತೋರಿಸಿ ಅಂತ ನಾನು ಯಾರಿಗೂ ಹೇಳಲಾರೆ. ಎದುರಿಗೆ ನಿಂತವನು ಮನಸ್ಸಿಟ್ಟು ಆಡಬೇಕು.

2016ರ ಜನವರಿಯಲ್ಲಿ ಮುಂಬೈ ಹತ್ತಿರದ ಕಲ್ಯಾಣ್‌ನಲ್ಲಿ ಪ್ರಣವ್ ಧನಾವಡೆ ಅನ್ನೋ ಹುಡುಗ ಶಾಲಾ ಕ್ರಿಕೆಟ್‌ನಲ್ಲಿ ಔಟಾಗದೆ 1009 ಹೊಡೆದದ್ದು ಎಲ್ಲರಿಗೂ ನೆನಪಿದೆ. ಅವನ ಶಾಲೆ 3 ವಿಕೆಟ್‌ಗೆ 1465. ಎದುರಾಳಿ ಆರ್ಯ ಗುರುಕುಲದ ಮಕ್ಕಳು 31 ಮತ್ತು 52. ಧನಾವಡೆ ಬಗ್ಗೆ ಎಲ್ಲ ಪತ್ರಿಕೆಗಳೂ ಬರೆದವು, ಬರೆಯಬೇಕಾದದ್ದೇ. ಆದರೆ ನಾನು ಆ ವಾರವೆಲ್ಲ ಯೋಚಿಸಿದ್ದು ಬೌಂಡರಿಯಲ್ಲಿ ಚೆಂಡು ಹೆಕ್ಕುತ್ತಿದ್ದ ಮಕ್ಕಳ ಬಗ್ಗೆ. ಅವರಲ್ಲಿ ಎಷ್ಟು ಜನ ಮತ್ತೆ ಬ್ಯಾಟ್ ಹಿಡಿದರೋ ಅಂತ.

ನಿಮ್ಮ ಹುಡುಗರು ಸೋಮವಾರ ಅಭ್ಯಾಸಕ್ಕೆ ಬಂದರಾ ಅಂತ ಮರೆಯದೆ ತಿಳಿಸಿ. ಮೇಷ್ಟ್ರುಗಳು ನೋಡುವುದು ಅದನ್ನೇ.

---

ಲಬ್ಬಕ್_ವಿದ್ಯಾರ್ಥಿ · 3:05

ಅಣ್ಣ, ಒಂದು ಪ್ರಶ್ನೆ. ನಾಲ್ಕನೇ ಡೌನ್‌ನಲ್ಲಿ (ಪ್ರಯತ್ನದಲ್ಲಿ) ನೀವು 13 ಯಾರ್ಡ್ ಗೆರೆ ಮೇಲೆ ಇದ್ದಿರಿ. ಅಲ್ಲಿಂದ ಫೀಲ್ಡ್ ಗೋಲ್ ಅಂದರೆ, ಎಂಡ್ ಝೋನ್ ಮತ್ತು ಒದೆಯೋಕೆ ಹಿಂದೆ ಬಿಡುವ ಜಾಗ ಸೇರಿ, 30 ಯಾರ್ಡ್. ಹೈಸ್ಕೂಲ್ ಕಿಕರ್‌ಗೂ ಆಗುವಂಥದ್ದು. ಒದ್ದಿದ್ದರೆ 63–3. ಸೊನ್ನೆ ಹೋಗುತ್ತಿತ್ತು. ನಿಮ್ಮ ಕೋಚ್ ಯಾಕೆ ಒದೆಸಲಿಲ್ಲ?

---

ಟ್ರಂಪೆಟ್_ಅಪ್ಪ · 3:50

ಇದನ್ನೇ ನಿನ್ನೆ ಪಾರ್ಕಿಂಗ್ ಲಾಟ್‌ನಲ್ಲಿ ಅರ್ಧ ಗಂಟೆ ಚರ್ಚೆ ಮಾಡಿದೆವು. ನನ್ನ ಪಕ್ಕ ಕೂತಿದ್ದವರು ಒದೆಯಬೇಕಿತ್ತು ಅಂತ ಕೂಗಿದರು. ಆ ಹೊತ್ತಿಗೆ ನಾನೂ ಕೂಗಿದೆ.

ಆದರೆ ಆಗ ಮೈದಾನದಲ್ಲಿ ಇನ್ನೊಂದು ಕಂಡೆ. ನಮ್ಮ ಕಿಕರ್ ಹೆಲ್ಮೆಟ್ ಹಾಕಿಕೊಂಡು ಓಡಿ ಬರುತ್ತಿದ್ದ. ನಮ್ಮ ಸೆಂಟರ್ (ಲೈನ್‌ನ ನಡುವಿನವನು), ಎರಡೂ ಕಡೆ ಆಡಿದ ಆ ಏಳರಲ್ಲಿ ಒಬ್ಬ, ಸೈಡ್‌ಲೈನ್ ಕಡೆ ತಿರುಗಿ ಎರಡೂ ಕೈ ಎತ್ತಿ ಬೇಡ ಅಂದ. ಲೈನ್‌ನ ಐದೂ ಜನ ಅಲ್ಲೇ ನಿಂತಿದ್ದರು, ಒಬ್ಬನೂ ಅಲುಗಲಿಲ್ಲ. ಕೋಚ್ ಒಂದು ಕ್ಷಣ ನೋಡಿ ಕಿಕರ್‌ನನ್ನು ವಾಪಸ್ ಕರೆದರು.

ಅವರಿಗೆ ಮೂರು ಅಂಕ ಬೇಡವಾಗಿತ್ತು. ಎದುರಿಗೆ ಬಂದು ನಿಂತ ಆ ಮೊದಲ ಸಾಲಿನವರನ್ನೇ ದಾಟಬೇಕಿತ್ತು. ಈಗ ಶಾಂತವಾಗಿ ಯೋಚಿಸಿದರೆ ಕೋಚ್ ಮಾಡಿದ್ದೇ ಸರಿ ಅನಿಸುತ್ತದೆ. ಪಾಸ್ ಒಳ್ಳೆಯದೇ ಇತ್ತು. ಬೆರಳಿಗೆ ತಾಗಿ ಹೋಯಿತು.

ಆಟ ಮುಗಿದ ಮೇಲೆ ಇಲ್ಲಿ ಒಂದು ಪದ್ಧತಿ ಇದೆ. ಆಟಗಾರರು ತಮ್ಮ ಬ್ಯಾಂಡ್ ಎದುರಿಗೆ ಬಂದು ನಿಲ್ಲುತ್ತಾರೆ, ಬ್ಯಾಂಡ್ ಶಾಲೆಯ ಹಾಡು ನುಡಿಸುತ್ತದೆ. ಎಲ್ಲರೂ ಕೈ ಎತ್ತಿ ಹಾಡುತ್ತಾರೆ. ಸೋತಾಗ ಕೆಲವು ಹುಡುಗರು ಸೀದಾ ಲಾಕರ್ ರೂಮಿಗೆ ಹೋಗುವುದನ್ನು ನೋಡಿದ್ದೇನೆ. ನಿನ್ನೆ 38 ಜನವೂ ಬಂದರು. ನಾನು ಎಣಿಸಿದೆ. ಆ ಪಾಸ್ ಕೈತಪ್ಪಿದ ರಿಸೀವರ್ ಹುಡುಗ ಕೊನೆಯಲ್ಲಿ, ಎಲ್ಲರ ಹಿಂದೆ ನಿಂತಿದ್ದ. ಸೆಂಟರ್ ಅವನ ಭುಜದ ಪ್ಯಾಡ್ ಹಿಡಿದು ಮುಂದಿನ ಸಾಲಿಗೆ ಎಳೆದುಕೊಂಡ.

ಮಗಳು ಕಾರಲ್ಲಿ ಹೇಳಿದಳು, ನುಡಿಸುವಾಗ ಅವಳಿಗೆ ಉಸಿರು ಕಟ್ಟಿತಂತೆ, ಎರಡು ಸ್ವರ ಬಿಟ್ಟಳಂತೆ.

---

ನಂಬರ್_64 · 4:12

ಆ ಸೆಂಟರ್‌ಗೆ ನನ್ನ ಕಡೆಯಿಂದ ಒಂದು ಸಲಾಂ ಹೇಳಿ ಅಂಕಲ್.

---

ಫಿಸಿಯೋ_ಡೆಂಟನ್ · 4:30

ಎರಡೂ ಕಡೆ ಆಡಿದ ಏಳು ಹುಡುಗರಿಗೆ ಈ ವಾರಾಂತ್ಯ ಚೆನ್ನಾಗಿ ನಿದ್ದೆ, ನೀರು, ಉಪ್ಪಿನಂಶ ಇರುವ ಊಟ ಬೇಕು. ತಲೆನೋವು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ, ಇದರಲ್ಲಿ ಯಾವುದಿದ್ದರೂ ಅಡಗಿಸದೆ ತಂಡದ ಗಾಯ ನೋಡಿಕೊಳ್ಳುವ ಟ್ರೇನರ್‌ಗೆ ಹೇಳಬೇಕು. ಸೋತ ತಂಡದ ಹುಡುಗರು ಇದನ್ನು ಜಾಸ್ತಿ ಮುಚ್ಚಿಡುತ್ತಾರೆ. ದಯವಿಟ್ಟು ಅವರ ಪೋಷಕರಿಗೆ ತಿಳಿಸಿ.

---

ಟ್ರಂಪೆಟ್_ಅಪ್ಪ · ಸೋಮವಾರ ಸಂಜೆ 6:45

ಫಿಸಿಯೋ ಅವರೇ, ಶನಿವಾರವೇ ಪೋಷಕರ ಗ್ರೂಪ್‌ಗೆ ಹಾಕಿದೆ. ಒಬ್ಬ ಹುಡುಗನಿಗೆ ತಲೆನೋವಿತ್ತು. ಟ್ರೇನರ್ ನೋಡಿ ಈ ವಾರ ಆಡೋದು ಬೇಡ ಅಂದಿದ್ದಾರೆ. ನಿಮಗೆ ಥ್ಯಾಂಕ್ಸ್.

ಮೇಷ್ಟ್ರೇ, ಮಗಳನ್ನು ಕರೆದುಕೊಂಡು ಬರೋಕೆ ಹೋದಾಗ ಬ್ಯಾಂಡ್ ಹಾಲ್ ಹಿಂದಿನ ಮೈದಾನಕ್ಕೆ ಹೋಗಿ ನೋಡಿದೆ. ಆ ಹುಡುಗ ಪಕ್ಕದಲ್ಲಿ ಕೂತಿದ್ದ, ತಲೆ ಮೇಲೆ ಟೋಪಿ. ಉಳಿದ 37 ಜನ ಅಭ್ಯಾಸ ಮಾಡುತ್ತಿದ್ದರು. ರಿಸೀವರ್ ಎಂಡ್ ಝೋನ್ ಮೂಲೆಯಲ್ಲಿ ಪಾಸ್ ಹಿಡಿಯುತ್ತಿದ್ದ, ಎಸೆಯುತ್ತಿದ್ದದ್ದು ಕ್ವಾರ್ಟರ್‌ಬ್ಯಾಕ್.

ಈ ಶುಕ್ರವಾರ ನಮ್ಮ ಸ್ಟೇಡಿಯಂನಲ್ಲೇ ಆಟ, ಏಳೂವರೆಗೆ. ಹತ್ತಿರ ಇರುವವರು ಬನ್ನಿ. ಬ್ಯಾಂಡ್‌ನ ಬಲಗಡೆ ಕೂತಿರುತ್ತೇನೆ.

---

ಪ್ಲೇನೋ_ಅಕ್ಕ · 7:02

ನಾವು ನಾಲ್ಕು ಜನ ಬರುತ್ತೇವೆ. ಟಿಕೆಟ್ ಗೇಟಲ್ಲಿ ಸಿಗುತ್ತಾ, ಆನ್‌ಲೈನಲ್ಲೇ ತಗೋಬೇಕಾ?

---

ಟ್ರಂಪೆಟ್_ಅಪ್ಪ · 7:09

ಆನ್‌ಲೈನಲ್ಲೇ ಅಕ್ಕ. ಗೇಟಲ್ಲಿ ಪಾರದರ್ಶಕ ಬ್ಯಾಗ್ ಮಾತ್ರ ಒಳಗೆ ಬಿಡ್ತಾರೆ, ಅದೊಂದು ನೆನಪಿರಲಿ. ಏಳಕ್ಕೇ ಬನ್ನಿ, ಹುಡುಗರು ಓಡಿ ಬರುವಾಗ ನಾವು ಅಲ್ಲಿರಬೇಕು.